ಬಿಳಿ ತಲೆಯದಕ್ಕೆ ಕೈಮುಗಿ, ಉಳಿದದ್ದಕ್ಕೆ ಡಬ್ಬ ಬಡಿ

ಹೋದ ತಿಂಗಳು ಬ್ರಹ್ಮಾವರದಿಂದ ಕುಂದಾಪುರದ ಕಡೆ ಹೋಗುವಾಗ ಸಾಸ್ತಾನದ ಟೋಲ್‌ಗೇಟಿನಲ್ಲಿ ನಮ್ಮ ಕಾರು ಸಾಲಿಗೆ ನಿಂತಿತ್ತು. ಮಟಮಟ ಮಧ್ಯಾಹ್ನ. ಕಡಲ ಬದಿಯಿಂದ ಒಂದು ಗರುಡ ತೇಲಿಕೊಂಡು ಬಂದು ನಮ್ಮ ಸಾಲಿನ ಮೇಲೆಯೇ ಒಂದು ಸುತ್ತು ಹಾಕಿತು. ಬಿಳಿ ತಲೆ, ಬಿಳಿ ಎದೆ, ಕಾವಿ ಬಳಿದಂಥ ರೆಕ್ಕೆ. ಪಕ್ಕದ ಕಾರಿನ ಅಜ್ಜಿಯೊಬ್ಬರು ಕಿಟಕಿಯಿಂದ ಎರಡೂ ಕೈ ಹೊರಗೆ ಚಾಚಿ ಮುಗಿದರು. ಮುಂದಿನ ಲಾರಿಯವನು ಎದೆ ಮುಟ್ಟಿಕೊಂಡ. ಅದರ ಹಿಂದೆಯೇ ಇನ್ನೊಂದು ಹಕ್ಕಿ ಬಂತು, ಮೈಯೆಲ್ಲ ಮಣ್ಣಿನ ಬಣ್ಣದ್ದು. ಅದರ ಕಡೆ ಯಾರೂ ತಲೆ ಎತ್ತಲಿಲ್ಲ. ನಾನು ಸ್ಟೇರಿಂಗ್ ಬಿಟ್ಟು ಅದಕ್ಕೆ ಕೈ ಮುಗಿದೆ.

ಹೆಂಡತಿ ನಕ್ಕಳು. "ಎಂತ ಮರಾಯ್ರೆ, ಗಿಡ್ಗನಿಗೂ ಕೈ ಮುಗುಕೆ ಸುರು ಮಾಡಿದ್ರ್ಯಾ?"

"ಅದ್ರ ಬಾಲ ಕಾಣ್" ಎಂದೆ.

ಅವಳು ಬಾಲ ನೋಡಲಿಲ್ಲ, ನನ್ನ ಮುಖ ನೋಡಿದಳು. ಅಷ್ಟರಲ್ಲಿ ಹಿಂದಿನವರು ಹಾರ್ನ್ ಹೊಡೆದರು. ಬೀಜಾಡಿಯ ಆ ಬೇಸಿಗೆ ನಮ್ಮ ಮದುವೆಗಿಂತ ಮುಂಚಿನದು. ಅವಳಿಗೆ ಅದರ ಕತೆಯನ್ನು ನಾನು ಸರಿಯಾಗಿ ಹೇಳಿರಲೇ ಇಲ್ಲ. ಅದರಲ್ಲಿ ನನ್ನದೂ ಒಂದು ತಪ್ಪಿದೆ, ಹಾಗಾಗಿ.

ಆಗ ನಾನು ಬೇಕರಿಯೊಂದರ ಲೈನ್ ವ್ಯಾನು ಓಡಿಸುತ್ತಿದ್ದೆ. ಬೆಳಗಿನ ಜಾವ ಬ್ರಹ್ಮಾವರದಲ್ಲಿ ಬ್ರೆಡ್ಡು, ಬನ್ನು, ಖಾರಿ ತುಂಬಿಕೊಂಡು ಹೊರಟರೆ ಅಂಗಡಿ ಅಂಗಡಿ ನಿಲ್ಲಿಸುತ್ತ ಬೈಂದೂರು ಮುಟ್ಟಿ ಹಿಂದೆ ಬರುವುದು. ಮಕರ ಸಂಕ್ರಾಂತಿ ಕಳೆದ ವಾರ, ಯಡ್ತರೆಯಲ್ಲಿ ಬನ್ನಿನ ಟ್ರೇ ಹೊತ್ತು ಅಂಗಡಿಯ ಮೆಟ್ಟಿಲು ಇಳಿಯುವಾಗ ಕಾಲು ಜಾರಿತು. ಬನ್ನುಗಳಿಗೆ ಏನೂ ಆಗಲಿಲ್ಲ. ನನ್ನ ಬಲಗಾಲಿನ ಮೂಳೆ ಎರಡು ಕಡೆ ಮುರಿದಿತ್ತು. ಮೂರು ತಿಂಗಳು ನೆಲಕ್ಕೆ ಕಾಲೂರಬಾರದು ಎಂದರು ಡಾಕ್ಟರು. ನಾನಿದ್ದ ಬಾಡಿಗೆ ಕೋಣೆ ಮಹಡಿಯ ಮೇಲೆ. ಏನು ಮಾಡುವುದೆಂದು ಯೋಚಿಸುವ ಮೊದಲೇ ಬೀಜಾಡಿಯಿಂದ ದೊಡ್ಡಮ್ಮ ರಿಕ್ಷಾ ಮಾಡಿಕೊಂಡು ಆಸ್ಪತ್ರೆಗೆ ಬಂದು ನಿಂತಿದ್ದಳು.

ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ. ತಾಯಿ ಹೋದಾಗ ನನಗೆ ಐದು ವರ್ಷ. ಆಮೇಲೆ ನನ್ನ ಬಾಯಿಗೆ ಅನ್ನ ಹಾಕಿದವಳೂ ಮಾತು ಹಾಕಿದವಳೂ ಇವಳೇ. ನಾನಿವತ್ತು ನಾಲ್ಕು ಜನರೆದುರು ಒಂದು ಕತೆಯನ್ನು ಬಿಡದೆ ಹೇಳಬಲ್ಲೆನಾದರೆ ಅದು ಅವಳ ಜಗಲಿಯಲ್ಲಿ ಕೇಳಿ ಕಲಿತದ್ದು.

ಕಡಲು ಕಾಣದಿದ್ದರೂ ಕೇಳುವಷ್ಟು ದೂರದಲ್ಲಿ ಅವಳ ಮನೆ. ಮರಳಿನ ಅಂಗಳ, ಬಾವಿ, ಒಂದು ಹಲಸು, ಹತ್ತು ಹದಿನೈದು ತೆಂಗು, ಹಿತ್ತಿಲಿನ ಮೂಲೆಯಲ್ಲಿ ಬಹಳ ಎತ್ತರದ ಒಂದು ಕಾಟುಮಾವಿನ ಮರ. ಬೇಲಿಯಾಚೆ ನೆಲಗಡಲೆ ಗದ್ದೆ. ದೊಡ್ಡಮ್ಮನ ಮಗ ಮೀನಿನ ಲಾರಿ ಓಡಿಸುತ್ತಿದ್ದ, ವಾರಕ್ಕೆ ಎರಡು ದಿನ ಮನೆಗೆ ಬರುತ್ತಿದ್ದ. ಅವನ ಹೆಂಡತಿ ಗುಲಾಬಿ ಅತ್ತಿಗೆ ಗೇರುಬೀಜದ ಫ್ಯಾಕ್ಟರಿಗೆ ಹೋಗಿ ಸಂಜೆ ಬರುತ್ತಿದ್ದಳು. ಹಗಲೆಲ್ಲ ನಾವಿಬ್ಬರೇ, ಮತ್ತೆ ಕೋಳಿಗಳು.

ನಾನು ಬಂದ ಮರುದಿನವೇ ದೊಡ್ಡಮ್ಮ ಹರಕೆ ಹೇಳಿಕೊಂಡಳು. ಮನೆಯ ಹಿಂದಿನ ಹಾಡಿಯ ಮರಗಳ ನಡುವೆ ನಮ್ಮ ಕುಟುಂಬದ ದೈವ ಹಾಯ್ಗುಳಿ ಇದೆ. ನನ್ನ ಕಾಲು ಸಮವಾದರೆ ಅದಕ್ಕೊಂದು ಹುಂಜ. ಹರಕೆಯ ಹುಂಜವನ್ನು ಪೇಟೆಯಿಂದ ತರುವಂತಿಲ್ಲ. ಮರಿಯಿದ್ದಾಗಲೇ ಹೆಸರಿಟ್ಟು ಮನೆಯ ಅಕ್ಕಿ ಹಾಕಿಯೇ ಬೆಳೆಸಬೇಕು. ಅದು ನಡುವೆ ಹೋದರೆ ಹರಕೆಯೂ ಹೋದಂತೆ ಎಂದು ಅವಳ ಲೆಕ್ಕ. ಆ ವಾರವೇ ಬೂದು ಹೇಂಟೆಯೊಂದು ಹನ್ನೊಂದು ಮರಿ ಮಾಡಿತ್ತು. ಹತ್ತು ದಿನ ಕಳೆದ ಮೇಲೆ ಅವುಗಳಲ್ಲಿ ಚುರುಕಾದ, ಕುತ್ತಿಗೆ ಕೆಂಚಾದ ಒಂದನ್ನು ಆರಿಸಿ ಅದರ ಕಾಲಿಗೆ ಕೆಂಪು ದಾರ ಕಟ್ಟಿದಳು. ಅದೇ ದಾರದ ಇನ್ನೊಂದು ತುಂಡನ್ನು ನನ್ನ ಪ್ಲಾಸ್ಟರಿನಿಂದ ಹೊರಗೆ ಇಣುಕುತ್ತಿದ್ದ ಹೆಬ್ಬೆರಳಿಗೆ ಕಟ್ಟಿದಳು.

ಸಂಜೆ ಅತ್ತಿಗೆ ಬಂದು ನೋಡಿ, "ಹಂಗಾರೆ ರಾತ್ರಿ ಇಬ್ರನ್ನೂ ಒಂದೇ ಗೂಡಂಗೆ ಮುಚ್ಚುದಾ ಅತ್ತೆ?" ಎಂದು ಕೇಳಿದಳು.

"ಸುಮ್ನಿರ್ ಹೆಣ್ಣೆ. ಆ ಮರಿ ಉಳುದ್ರೆ ಇವ್ನ್ ಕಾಲ್ ಉಳಿತ್ತ್."

ತಮಾಷೆಗೆ ಹೇಳಿದ್ದಲ್ಲ. ಹಾಗೆ ಮರಿಗಳನ್ನು ಕಾಯುವ ಕೆಲಸ ನನ್ನ ಪಾಲಿಗೆ ಬಂತು. ಜಗಲಿಯಲ್ಲಿ ಒಂದು ಕುರ್ಚಿ, ಕಾಲಿಡಲು ಒಂದು ಮಣೆ, ಬಡಿಯಲು ಎಣ್ಣೆಯ ಹಳೆ ಡಬ್ಬ. ಕಾನೂನನ್ನು ದೊಡ್ಡಮ್ಮ ಮೊದಲ ದಿನವೇ ಹೇಳಿದ್ದಳು.

"ಬೆಳಿ ತಲಿಯದ್ದ್ ಬಂದ್ರೆ ಗರುಡ, ಕೈ ಮುಗಿ. ಬ್ಯಾರೆ ಎಂತ ಬಂದ್ರೂ ಗಿಡ್ಗ, ಡಬ್ಬ ಬಡಿ. ಗರುಡನಿಗೆ ಮಾತ್ರ ಡಬ್ಬ ಬಡುಕಾಗ, ಗೊತ್ತಾಯ್ತಾ?"

ನಮ್ಮ ಕಡೆ ಆಕಾಶದಲ್ಲಿ ಇರುವುದು ಎರಡೇ ಜಾತಿ, ಒಂದು ದೇವರದು, ಇನ್ನೊಂದು ಕಳ್ಳನದು. ಕಾಟುಮಾವಿನ ತುದಿಯಲ್ಲಿ ಗರುಡದ ಜೋಡಿಯೊಂದು ಗೂಡು ಕಟ್ಟಿದ್ದು ದೊಡ್ಡಮ್ಮನಿಗೆ ಬಲು ಹೆಮ್ಮೆ. ದಿನಕ್ಕೆ ನಾಲ್ಕೈದು ಸಲ ಅವು ಅಂಗಳದ ಮೇಲೆ ಬಂದಾಗಲೆಲ್ಲ ಕೈಯ ಕೆಲಸ ಬಿಟ್ಟು, ಸೆರಗು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಒಳಗೊಳಗೆ ಏನೋ ಹೇಳಿಕೊಂಡು ಕೈ ಮುಗಿಯುತ್ತಿದ್ದಳು. ಅದೇನು ಹೇಳಿಕೊಳ್ಳುತ್ತೀ ಎಂದು ಕೇಳಿದರೆ "ನಿನ್ ಕಾಲ್, ಮತ್ತೆಂತ" ಎನ್ನುತ್ತಿದ್ದಳು.

ಮೂರು ತಿಂಗಳು ಕುಳಿತಲ್ಲೇ ಕುಳಿತವನಿಗೆ ನೋಡುವುದು ಬಿಟ್ಟು ಬೇರೇನು ಕೆಲಸ? ಬೆಳಿಗ್ಗೆ ನೆಲಗಡಲೆಯ ಎಲೆಗಳ ಮೇಲೆ ಇಬ್ಬನಿ. ಹತ್ತು ಗಂಟೆಗೆ ಅದು ಆರಿ ನೆಲ ಕಾಯುತ್ತಿತ್ತು, ಹಕ್ಕಿಗಳು ಆಗ ಮೇಲೇಳುತ್ತಿದ್ದವು. ಮಧ್ಯಾಹ್ನದ ಮೇಲೆ ಪಡುಗಾಳಿ ಬೀಸಿ ಮಾವಿನ ಹೂವಿನ ಪರಿಮಳವೂ ಒಣಮೀನಿನ ವಾಸನೆಯೂ ಒಟ್ಟಿಗೇ ಬರುತ್ತಿದ್ದವು. ಮೊದಮೊದಲು ಎಲ್ಲ ಗಿಡುಗಗಳೂ ನನಗೆ ಒಂದೇ. ತಿಂಗಳು ಕಳೆಯುವ ಹೊತ್ತಿಗೆ ಒಂದೊಂದೂ ಬೇರೆ ಬೇರೆಯಾಗಿ ಕಾಣತೊಡಗಿದವು.

ಪಾರಿವಾಳದಷ್ಟೇ ಗಾತ್ರದ ಬೂದು ಬಣ್ಣದ್ದೊಂದಿತ್ತು. ಅದು ಮೇಲೆ ಸುತ್ತುವ ಜಾತಿಯಲ್ಲ. ಹಲಸಿನ ಎಲೆಯ ಒಳಗೆ ಉಸಿರಾಡದೆ ಕೂತು, ಸರ್ರನೆ ನೆಲದ ಮಟ್ಟದಲ್ಲಿ ಹಾರಿ ಓತಿಕ್ಯಾತವನ್ನು ಎತ್ತಿಕೊಂಡು ಹೋಗುತ್ತಿತ್ತು. ಬಾಲದಲ್ಲಿ ಅಡ್ಡಪಟ್ಟೆ, ಕಣ್ಣು ಕೆಂಡದಂತೆ. ಮತ್ತೊಂದು ದೊಡ್ಡ ಹದ್ದು, ಕೋಟೇಶ್ವರದ ಮೀನು ಮಾರ್ಕೆಟ್ಟಿನ ಕಡೆಯಿಂದ ಬರುತ್ತಿದ್ದದ್ದು. ಮೈಯೆಲ್ಲ ಕಂದು. ಗಾಳಿಯಲ್ಲಿ ತಿರುಗುವಾಗ ಬಾಲವನ್ನು ದೋಣಿಯ ಚುಕ್ಕಾಣಿಯ ಹಾಗೆ ಆಚೀಚೆ ತಿರುವುತ್ತಿತ್ತು. ಆ ಬಾಲದ ತುದಿ ಮೀನಿನ ಬಾಲದ ಹಾಗೆ ನಡುವೆ ಕಚ್ಚು ಬಿದ್ದದ್ದು. ಗರುಡದ ಬಾಲದಲ್ಲಿ ಆ ಕಚ್ಚಿಲ್ಲ. ಅಡಿಕೆ ಹಾಳೆಯ ಬೀಸಣಿಗೆಯಂತೆ ದುಂಡಗೆ. ಇದನ್ನೆಲ್ಲ ಯಾರೂ ಹೇಳಿಕೊಟ್ಟದ್ದಲ್ಲ. ಮುರಿದ ಕಾಲು ಕಲಿಸಿದ ಪಾಠ.

ನೆಲಗಡಲೆ ಕೀಳುವ ಹೊತ್ತಿಗೆ, ಮಾರ್ಚಿನಲ್ಲಿ, ಹೊಸದೊಂದು ಕಂದು ಹಕ್ಕಿ ಅಂಗಳಕ್ಕೆ ಬರತೊಡಗಿತು. ತೆಂಗಿನ ಗರಿಯ ಮೇಲೆ ಕೂರಲು ಹೋಗಿ ಜಾರುವುದು, ರೆಕ್ಕೆ ಬಡಿದು ಮತ್ತೆ ಹತ್ತುವುದು, ಸುಮ್ಮನೆ ಕೂತು ಕೀರಲು ಧ್ವನಿಯಲ್ಲಿ ಕೂಗುವುದು. ಅದು ಬಂದ ವಾರವೇ ಮರಿಗಳು ಕಡಿಮೆಯಾಗತೊಡಗಿದವು. ಹನ್ನೊಂದು ಇದ್ದದ್ದು ಒಂಬತ್ತಾಯಿತು, ಎಂಟಾಯಿತು. ದೊಡ್ಡಮ್ಮ ಪ್ರತಿ ಸಲವೂ ಮೊದಲು ಕೆಂಪು ದಾರ ಹುಡುಕುತ್ತಿದ್ದಳು. ಅದು ಕಂಡ ಮೇಲೆಯೇ ಉಸಿರು ಬಿಟ್ಟು, ತಲೆಯೆತ್ತಿ ಕಂದು ಹಕ್ಕಿಗೆ ಸಹಸ್ರನಾಮ ಶುರು ಮಾಡುತ್ತಿದ್ದಳು. "ಹಾಳ್ ಗಿಡ್ಗ! ನಿನ್ ಬಾಯಿಗ್ ಮಣ್ಣ್ ಬೀಳ! ನನ್ ಮರಿಯೇ ಬೇಕಾ ನಿಂಗೆ?"

ಆಮೇಲೆ ಆ ಮಧ್ಯಾಹ್ನ ಬಂತು. ದೊಡ್ಡಮ್ಮ ಅಂಗಳದಲ್ಲಿ ಕಿತ್ತ ನೆಲಗಡಲೆ ಒಣಹಾಕುತ್ತಿದ್ದಳು. ಮರಿಗಳು ಅವಳ ಕಾಲ ಬುಡದಲ್ಲೇ ಕೆದಕುತ್ತಿದ್ದವು. ಬಿಳಿ ತಲೆಯ ಗರುಡ ಕಾಟುಮಾವಿನಿಂದ ಇಳಿದು ಅಂಗಳದ ಮೇಲೆ ಬಂತು. ನನ್ನ ಕೈ ಡಬ್ಬದ ಮೇಲಿತ್ತು. ಕಾನೂನು ನೆನಪಾಗಿ ತೆಗೆದೆ. ದೊಡ್ಡಮ್ಮ ಕಣ್ಣು ಮುಚ್ಚಿ ಕೈ ಮುಗಿದಳು. ಅವಳು ಹಾಗೆ ನಿಂತಿದ್ದಾಗಲೇ ಗರುಡ ರೆಕ್ಕೆ ಮಡಚಿ ಅವಳ ಹಿಂದೆ ಇಳಿದು, ಒಂದು ಮರಿಯನ್ನು ಉಗುರಿನಲ್ಲಿ ಎತ್ತಿಕೊಂಡು ಹಲಸಿನ ಮರೆಯಲ್ಲಿ ಹೋಯಿತು. ಹೇಂಟೆ ಕಿರುಚಿತು. ದೊಡ್ಡಮ್ಮ ಕಣ್ಣು ಬಿಟ್ಟಾಗ ಗರುಡ ಇಲ್ಲ. ತೆಂಗಿನ ಗರಿಯಲ್ಲಿ ಕಂದು ಹಕ್ಕಿ ಕೂತು ಕೂಗುತ್ತಿದೆ.

"ಕಂಡ್ಯಾ ಮಾಣಿ, ತಕಂಡ್ ಹೋಯ್ತಲಾ! ಗರುಡ ಬಂದದ್ದೇ ಬಂದದ್ದ್, ಇದ್ ಅದ್ರ ಎದ್ರಿಗೇ ಕದ್ಕಂಡ್ ಹೋಯ್ತ್! ಒಂಚೂರ್ ಹೆದ್ರಿಕಿ ಇತ್ತಾ ಕಾಣ್ ಇದ್ಕೆ!"

ನಾನು "ಹ್ಞೂಂ" ಎಂದೆ.

ಇದೇ ನನ್ನ ತಪ್ಪು. ಹೇಳಬಹುದಿತ್ತು. ಆದರೆ ನನ್ನ ಕಾಲಿಗಾಗಿ ದಿನಕ್ಕೆ ಐದು ಸಲ ಕೈ ಮುಗಿಯುವವಳಿಗೆ, ನೀನು ಕೈ ಮುಗಿದದ್ದೇ ನಿನ್ನ ಮರಿಯನ್ನು ಒಯ್ದದ್ದು ಎಂದು ಯಾವ ಬಾಯಲ್ಲಿ ಹೇಳುವುದು? ಕಂದು ಹಕ್ಕಿಗೆ ಬೈಗುಳ ತಾಗುವುದಿಲ್ಲ, ಬೈದುಕೊಳ್ಳಲಿ ಎಂದುಕೊಂಡೆ.

ಸಂಜೆಯೇ ದೊಡ್ಡಮ್ಮ ನೆರೆಮನೆಯ ಶೀನಣ್ಣನನ್ನು ಕರೆದಳು. ಶೀನಣ್ಣ ನಲವತ್ತು ವರ್ಷ ಕಡಲಿಗೆ ಹೋದವನು, ಈಗ ಬೆನ್ನುನೋವೆಂದು ದಡದಲ್ಲಿ ಕೂತು ಬೇರೆಯವರ ಬಲೆ ಹೆಣೆದುಕೊಡುತ್ತಿದ್ದ.

"ಶೀನಾ, ಒಂದ್ ಬಲಿ ಕಟ್ಟಿಕೊಡ್. ಆ ಗಿಡ್ಗನ್ ಹಿಡುದ್ ಕೊಂದ್, ಕೋಲಿಗ್ ಕಟ್ಕ್. ಸತ್ತ ಕಾಕಿ ಕಟ್ಟುದಿಲ್ಯಾ, ಹಂಗೆ. ಮತ್ತೆ ಒಂದೂ ಈ ಬದಿ ಬಪ್ಪುಕಾಗ."

"ಅಮ್ಮ, ಸಮುದ್ರದಂಗ್ ಹಾಕುಕ್ ಬಲಿ ಕೊಟ್ರೆ ನೀವ್ ಆಕಾಶದಂಗ್ ಹಾಕುಕ್ ಹೇಳ್ತ್ರಿ!" ಎಂದು ನಕ್ಕ ಶೀನಣ್ಣ. ಆದರೂ ಮರುದಿನ ಮನೆಯಲ್ಲಿದ್ದ ಒಳ್ಳೆಯದೊಂದು ಬಲೆ ತಂದು ಬಾವಿಯ ಕಂಬದಿಂದ ಹಲಸಿನ ಕೊಂಬೆಗೆ ಸಡಿಲವಾಗಿ ಕಟ್ಟಿ, ಕೆಳಗೆ ಬಂಗುಡೆಯ ತಲೆಗಳನ್ನು ಹಾಕಿದ.

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಕಂದು ಹಕ್ಕಿ ಅಲ್ಲಿಗೆ ಬಾರದಿರಲಿ ಎಂದು ನಾನೂ ಯಾರಿಗೋ ಹರಕೆ ಹೇಳಿಕೊಂಡೆ. ಎರಡು ದಿನ ಅದು ಬಲೆಯ ಹತ್ತಿರ ಇಳಿಯಲಿಲ್ಲ. ಆ ಎರಡೂ ದಿನ ತೆಂಗಿನ ಗರಿಯಲ್ಲಿ ಕೂತ ಅದನ್ನು ನಾನು ಕಣ್ಣು ಕೀಲಿಸಿ ನೋಡಿದೆ. ಎರಡನೆಯ ದಿನ ಅದು ಗರಿ ಬಿಟ್ಟು ಗಾಳಿಗೆ ಮೈಯೊಡ್ಡಿ ಬಾಲ ಅರಳಿಸಿತು. ದುಂಡಗೆ. ಕಚ್ಚಿಲ್ಲ, ಹಾಳೆಯ ಬೀಸಣಿಗೆಯೇ. ಬಿಳಿ ತಲೆಯದು ಕಾಲಲ್ಲಿ ಏನನ್ನೋ ಹಿಡಿದುಕೊಂಡು ಬಂದಾಗ ಇದು ಕೀರಲು ಕೂಗುತ್ತ ಅದರ ಹಿಂದೆ ಓಡಿತು. ಆಗ ನನಗೆ ಪೂರ್ತಿ ತಿಳಿಯಿತು. ದೊಡ್ಡಮ್ಮನಿಗೆ ಹೇಗೆ ಹೇಳುವುದೆಂದು ಮಾತು ಹುಡುಕುತ್ತಲೇ ರಾತ್ರಿಯಾಯಿತು.

ಮೂರನೆಯ ದಿನ ಹನ್ನೊಂದು ಗಂಟೆಗೆ ಬಲೆ ಅಲ್ಲಾಡಿತು. "ಹ್ವಾಯ್ ಅಮ್ಮ, ಬಿತ್ತ್ ಕಾಣಿ!" ಎಂದು ಕೂಗುತ್ತ ಶೀನಣ್ಣ ಬೇಲಿ ದಾಟಿ ಓಡಿ ಬಂದ. ದೊಡ್ಡಮ್ಮ ಅಡುಗೆಮನೆಯಿಂದ ಕತ್ತಿ ಹಿಡಿದುಕೊಂಡೇ ಬಂದಳು. ಹಕ್ಕಿ ಬಲೆಯಲ್ಲಿ ತಲೆಕೆಳಗಾಗಿ ಸುತ್ತಿಕೊಂಡಿತ್ತು. ಶೀನಣ್ಣ ಅದರ ಎರಡೂ ಕಾಲು ಒಟ್ಟಿಗೆ ಹಿಡಿದ.

ಊರುಗೋಲು ನನ್ನ ಕೈಗೆ ಹೇಗೆ ಬಂತೋ ಗೊತ್ತಿಲ್ಲ. ಯಾರೂ ಹಿಡಿಯದೆ ನಾನು ಜಗಲಿಯ ಮೆಟ್ಟಿಲು ಇಳಿದದ್ದು ಅವತ್ತೇ ಮೊದಲು. ಒಣಹಾಕಿದ ನೆಲಗಡಲೆಯನ್ನು ಮೆಟ್ಟಿಕೊಂಡು ಹೋದೆ.

"ದೊಡ್ಡಮ್ಮ, ತಡಿ! ಅದ್ ಗಿಡ್ಗ ಅಲ್ಲ. ಗರುಡನ್ ಮರಿ!"

"ಹುಚ್ಚಾ ನಿಂಗೆ? ತಲಿ ಕಾಣ್, ಮಣ್ಣಂಗಿತ್ತ್."

"ತಲಿ ಕಾಣ್ಬೇಡ, ಬಾಲ ಕಾಣ್. ಶೀನಣ್ಣ, ಬಾಲ ಬಿಡ್ಸಿ."

ಶೀನಣ್ಣ ಒಂದು ಕೈಯಿಂದ ಬಾಲದ ಗರಿಗಳನ್ನು ಬಿಡಿಸಿದ. ಬಿಡಿಸಿದವನು ಹಾಗೇ ನಿಂತ. "ಹೌದಲಾ ಅಮ್ಮ..." ಎಂದು ರಾಗ ಎಳೆದ. "ಬೋಟಿನ್ ಹಿಂದೆ ಬಪ್ಪು ಕೆಂಚು ಹಕ್ಕಿಗೆ ಎರಡ್ ನಮೂನಿ ಬಾಲ ಇತ್ತ್. ಒಂದ್ ಮೀನಿನ್ ಬಾಲ, ಒಂದ್ ದುಂಡ. ನಲ್ವತ್ ವರ್ಷ ಕಂಡಿದೆ. ಎಂತಕೆ ಹಂಗೆ ಅಂದೇಳಿ ಒಂದಿನವೂ ಯೋಚ್ನೆ ಮಾಡ್ಲಿಲ್ಲ ಕಾಣಿ."

ದೊಡ್ಡಮ್ಮ ನಂಬಿದಳೋ ಇಲ್ಲವೋ ಅಷ್ಟರಲ್ಲಿ ಕಾಟುಮಾವಿನಿಂದ ಎರಡು ಗರುಡಗಳು ಕೂಗುತ್ತ ಬಂದವು. ಯಾವತ್ತೂ ಅಷ್ಟು ಕೆಳಗೆ ಬಂದದ್ದಿಲ್ಲ. ಒಂದು ಶೀನಣ್ಣನ ತಲೆಯ ಮುಂಡಾಸಿಗೆ ತಾಗುವಂತೆ ಹಾರಿತು, ಇನ್ನೊಂದು ಬಾವಿಕಂಬದ ಮೇಲೆ ಕೂತೇಬಿಟ್ಟಿತು. ಬಲೆಯೊಳಗಿನದು ಅದನ್ನು ನೋಡಿ ಬಾಯಿ ತೆರೆಯಿತು. ತಾಯಿಗೆ ಬಾಯಿ ತೆರೆಯುವ ಮರಿಯನ್ನು ದೊಡ್ಡಮ್ಮನಿಗೆ ಯಾರೂ ಪರಿಚಯ ಮಾಡಿಸಬೇಕಾಗಿರಲಿಲ್ಲ. ಕತ್ತಿ ಹಿಡಿದ ಕೈ ಕೆಳಗಿಳಿಯಿತು.

"ಶೀನಾ, ಬಲಿ ಕೊಯ್" ಎಂದಳು.

"ಅಯ್ಯೋ ಅಮ್ಮ, ಹೊಸ ಬಲಿ! ನಿಧಾನಕ್ ಬಿಡ್ಸುವ..."

"ಕೊಯ್ ಅಂದೆ. ಅದ್ರ ಒಂದ್ ಗರಿ ಮುರುಕಾಗ."

ತನ್ನ ಸೆರಗನ್ನೇ ಹಕ್ಕಿಯ ತಲೆಗೆ ಸುತ್ತಿ ಅದನ್ನು ಎದೆಗೆ ಒತ್ತಿ ಹಿಡಿದಳು. ಶೀನಣ್ಣ ಬಲೆಯ ಒಂದೊಂದೇ ಕಣ್ಣು ಕೊಯ್ದ, ಒಂದೊಂದಕ್ಕೂ ನಿಟ್ಟುಸಿರು ಬಿಟ್ಟ. ಕಾಲು ಬಿಡುಗಡೆಯಾದದ್ದೇ ಹಕ್ಕಿ ದೊಡ್ಡಮ್ಮನ ಮುಂಗೈಗೆ ಉಗುರು ಹಾಕಿತು. ರಕ್ತ ಬಂತು. ಅವಳು ಬಿಡಲಿಲ್ಲ. "ತಪ್ಪಾಯ್ತ್ ಮಗಾ, ತಪ್ಪಾಯ್ತ್" ಎಂದು ಅದರ ಬೆನ್ನು ಸವರಿದಳು. ಆಮೇಲೆ ಸೆರಗು ತೆಗೆದು ಎರಡೂ ಕೈಯೆತ್ತಿ ಬಿಟ್ಟಳು. ಅದು ಬೇಲಿಯ ಮೇಲೆ ತಡವರಿಸಿ, ಗದ್ದೆಯ ಮೇಲೆ ಗಾಳಿ ಸಿಕ್ಕಿ ಮೇಲೆದ್ದಿತು. ಬಿಳಿ ತಲೆಯ ಎರಡೂ ಅದರ ಹಿಂದೆ ಹೋದವು.

ಶೀನಣ್ಣ ಹರಿದ ಬಲೆಯನ್ನು ಮುದ್ದೆ ಮಾಡಿಕೊಂಡು ಹೋದ ಮೇಲೆ ದೊಡ್ಡಮ್ಮ ಜಗಲಿಯಲ್ಲಿ ಕೂತು ಮುಂಗೈಗೆ ಅರಿಶಿನ ಹಚ್ಚಿಕೊಂಡಳು. ಹಚ್ಚಿ ಮುಗಿಸಿ ಕೇಳಿದಳು, "ಹಂಗಾರೆ ಮಾಣಿ, ಮರಿ ತಕಂಡ್ ಹೋದ್ದ್ ಯಾರ್?"

ಇನ್ನು ಮುಚ್ಚಿಡುವಂತಿರಲಿಲ್ಲ. "ಎಲ್ಲದ್ದೂ ನಂಗೊತ್ತಿಲ್ಲೆ. ಆ ದಿನದ್ದ್ ಮಾತ್ರ ಕಂಡಿದೆ. ನೀ ಕಣ್ ಮುಚ್ಚಿ ಕೈ ಮುಗುದ್ ನಿಂತಿದ್ಯಲಾ, ಆಗ ಬೆಳಿ ತಲಿಯದ್ದೇ ತಕಂಡ್ ಹೋಯ್ತ್."

"ಆವತ್ತೇ ಕಂಡಿದ್ಯಾ?"

"ಹ್ಞೂಂ."

"ಮತ್ತೆಂತಕೆ ಹೇಳ್ಲಿಲ್ಲ?"

"ನಿಂಗ್ ಬೇಜಾರಾತ್ತ್ ಅಂದೇಳಿ."

ದೊಡ್ಡಮ್ಮ ನನ್ನನ್ನು ನೋಡಿದ ಆ ನೋಟ ಈಗಲೂ ಕಣ್ಣಿಗೆ ಕಟ್ಟಿದಂತಿದೆ. "ಅದ್ಕೂ ಮಕ್ಳ್ ಇತ್ತಲ್ದನಾ? ಮರಿ ಇಪ್ಪು ಮನಿಯಂಗ್ ಹೊಟ್ಟಿಗ್ ಹುಡ್ಕುಕ್ ಹೋತ್ರ್, ಗರುಡನೇ ಆಯ್ಲಿ, ಶೀನನೇ ಆಯ್ಲಿ. ಅಷ್ಟ್ ಗೊತ್ತಾತಿಲ್ಯಾ ನಂಗೆ? ನನ್ ದೇವ್ರ್ ಒಂದ್ ಕೋಳಿಮರಿಗ್ ಮುರುದ್ ಬೀಳುವಂಥದ್ದ್ ಅಂದ್ಕಂಡ್ಯಾ ನೀನ್?" ಎಂದಳು. ಅರಿಶಿನದ ಕೈ ಒರೆಸಿಕೊಳ್ಳುತ್ತ, "ನಿನ್ ಒಂದ್ 'ಹ್ಞೂಂ'ಗೆ ಆ ಪಾಪದ್ದ್ ಸಾಯ್ತಿತ್ತಲಾ ಮಾಣಿ" ಎಂದಳು.

ಬಯ್ದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಬಯ್ಯಲಿಲ್ಲ, ಎದ್ದು ಹೋಗಿ ನನಗೆ ಗಂಜಿ ಬಡಿಸಿದಳು.

ಮರುದಿನದಿಂದ ಅಂಗಳದ ಕಾನೂನು ಬದಲಾಯಿತು. ಬೆಳಿಗ್ಗೆ ಹತ್ತಕ್ಕೆ ಬಿಳಿ ತಲೆಯದು ಬಂತು. ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ಕೈ ಮುಗಿದಳು, ಈ ಸಲ ಕಣ್ಣು ಅಗಲ ಬಿಟ್ಟುಕೊಂಡು. ಮುಗಿದದ್ದೇ ನನ್ನ ಕೈಯಿಂದ ಡಬ್ಬ ಕಸಿದುಕೊಂಡು ಢಣಢಣ ಬಡಿದಳು. ನಾನು ಬೆರಗಾಗಿ ನೋಡಿದರೆ, "ಮರ್ಯಾದಿಗೆ ಮರ್ಯಾದಿ, ಕೋಳಿಗೆ ಕೋಳಿ" ಎಂದಳು. ಆಮೇಲೆ ಒಂದೂ ಮರಿ ಹೋಗಲಿಲ್ಲ. ಎಪ್ರಿಲ್ ಕೊನೆಗೆ ನನ್ನ ಪ್ಲಾಸ್ಟರ್ ಬಿಚ್ಚಿದರು. ಹೆಬ್ಬೆರಳಿನ ದಾರ ಅಷ್ಟರಲ್ಲಿ ಬಣ್ಣ ಕಳೆದುಕೊಂಡಿತ್ತು. ಕೆಂಚು ಕುತ್ತಿಗೆಯದು ಮಳೆಗಾಲ ಕಳೆದು ಜೋರು ದನಿಯ ಹುಂಜವಾಗಿ, ಹಾಯ್ಗುಳಿಗೆ ಸಲ್ಲಬೇಕಾದಲ್ಲಿ ಸಂದಿತು. ಶೀನಣ್ಣನಿಗೆ ನಾನು ವ್ಯಾನು ಹತ್ತಿದ ಮೊದಲ ತಿಂಗಳಲ್ಲೇ ಹೊಸ ಬಲೆ ತಂದುಕೊಟ್ಟೆ. ಅವನು ಅದನ್ನು ಹಿಡಿದು ನೋಡಿ, "ಇದ್ ಸಮುದ್ರಕ್ಕೇ ಸೈಯಾ?" ಎಂದು ಕೇಳಿದ.

ಎರಡು ವರ್ಷ ಕಳೆದ ಮೇಲೆ ಒಂದು ದಿನ ನಾನು ಲೈನಿನಲ್ಲಿದ್ದಾಗ ದೊಡ್ಡಮ್ಮನ ಫೋನು ಬಂತು. ಅವಳು ಫೋನು ಮಾಡುವುದು ಕಮ್ಮಿ, ಹೆದರಿ ವ್ಯಾನು ನಿಲ್ಲಿಸಿದೆ.

"ಮಾಣಿ, ಅದ್ರ ತಲಿ ಬೆಳಿ ಆಯ್ತ್" ಎಂದಳು. ದನಿಯಲ್ಲಿ ಮನೆಗೆ ಸೊಸೆ ಬಂದಷ್ಟು ಸಂಭ್ರಮ.

"ಅದೇ ಅಂದೇಳಿ ಹ್ಯಾಂಗ್ ಗೊತ್ತ್ ದೊಡ್ಡಮ್ಮ? ಎಲ್ಲ ಗರುಡವೂ ಒಂದೇ ಕಾಂತ್ತಲಾ."

"ಬ್ಯಾರೆ ಎರಡ್ ಅಂಗಳದ್ ಮೇಲೆ ಬತ್ತೊ. ಇದ್ ಮಾತ್ರ ನಾ ಹೊರಗ್ ಬಂದ್ರೆ ಬೇಲಿಯಿಂದ್ ಆಚಿಗೇ ತಿರುಗ್ತ್. ಎಷ್ಟ್ ಕೈ ಮುಗುದ್ರೂ ಈಚಿಗ್ ಬತ್ತಿಲ್ಲೆ."

ಫೋನಿನ ಆಚೆಯಿಂದ ಬೀಜಾಡಿಯ ಕಡಲು ಕೇಳುತ್ತಿತ್ತು.

"ಇರ್ಲಿ ಬಿಡ್" ಎಂದಳು ಕೊನೆಗೆ. "ನಾ ಇಲ್ಲಿಂದ್ಲೇ ಮುಗಿತೆ."

ದೊಡ್ಡಮ್ಮ ಹೋಗಿ ಈಗ ಮೂರು ವರ್ಷ. ಅವಳ ಮುಂಗೈಯ ಮೇಲೆ ಕೊನೆಯವರೆಗೂ ಆ ಮೂರು ಉಗುರಿನ ಗೆರೆಗಳಿದ್ದವು. ಟೋಲ್ ದಾಟಿದ ಮೇಲೆ ಹೆಂಡತಿಗೆ ಇಷ್ಟನ್ನೂ ಹೇಳಿದೆ, ನನ್ನ 'ಹ್ಞೂಂ' ಸಮೇತ. ಅವಳು ಕೋಟೇಶ್ವರ ಬರುವಾಗ ಕಿಟಕಿಯ ಗಾಜು ಇಳಿಸಿ, ತಲೆ ಹೊರಗೆ ಹಾಕಿ ಮೇಲೆ ಸುತ್ತುತ್ತಿದ್ದ ಕಂದು ಹಕ್ಕಿಯನ್ನು ನೋಡಿದಳು.

"ಹ್ವಾಯ್, ಒಂದ್ ಗಳ್ಗಿ ನಿಲ್ಸಿ" ಎಂದಳು. "ಇದ್ರ ಬಾಲ ಸಮಾ ಕಾಂತಿಲ್ಲೆ."